ಕೈ ತಡೆಯುವ ವಿದ್ಯೆ

ವೈದ್ಯನಾಗಬೇಕಾದರೆ ಇಷ್ಟು ವರ್ಷ ಓದಬೇಕು, ವಕೀಲನಾಗಬೇಕಾದರೆ ಇಷ್ಟು ವರ್ಷ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವರು ದೊಡ್ಡ ಪದವಿ ಪಡೆದಿರಬೇಕೆಂಬುದನ್ನೂ ಎಲ್ಲರೂ ಒಪ್ಪುತ್ತಾರೆ. ಆದರೆ ಮೂರು ವರ್ಷದ ಮಕ್ಕಳೊಡನೆ ಇರುವುದಕ್ಕೂ ಒಂದು ವರ್ಷದ ತರಬೇತಿ, ಅದಕ್ಕೊಂದು ಲಿಖಿತ ಪರೀಕ್ಷೆ, ಅದರ ಮೇಲೊಂದು ಮೌಖಿಕ ಪರೀಕ್ಷೆ ಉಂಟೆಂದರೆ ಮಾತ್ರ ಕೇಳಿದವರ ತುಟಿಯಂಚಿನಲ್ಲಿ ನಗೆಯೊಂದು ಸುಳಿಯುತ್ತದೆ. ಮಕ್ಕಳನ್ನು ಹೆತ್ತು ಸಾಕಿದ ಹೆಂಗಸಿಗೆ ಆ ವಿದ್ಯೆಯನ್ನು ಹೊಸದಾಗಿ ಹೇಳಿಕೊಡುವುದುಂಟೆ? ಮೀನಿಗೆ ಈಜು ಕಲಿಸಿದಂತಾಯಿತು ಎಂದು ಅವರ ಭಾವನೆ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಯೇ ಎದ್ದಿತು. ಆ ಮನೆಯ ಸೊಸೆಗೆ ಆಗ ಮೂವತ್ತನಾಲ್ಕು ವರ್ಷ. ಪತಿ ಬ್ಯಾಂಕಿನಲ್ಲಿ ನೌಕರರು. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ಮದುವೆಗೆ ಮುನ್ನ ಪಡೆದ ಬಿ.ಎಸ್‌ಸಿ. ಪದವಿ ಬೀರುವಿನಲ್ಲಿ ಸೀರೆಗಳ ಕೆಳಗೆ ಭದ್ರವಾಗಿತ್ತು. ಮಾಂಟೆಸರಿ ಪದ್ಧತಿಯ ತರಬೇತಿಗೆ ಸೇರುವೆನೆಂದು ಆಕೆ ಹೇಳಿದಾಗ ಪತಿ ಒಂದು ದಿನ ಯೋಚಿಸಿ ಒಪ್ಪಿದರು. ಶುಲ್ಕಕ್ಕೆ ಸಾಲದೆ ಬಂದ ಹಣಕ್ಕಾಗಿ ಆಕೆಯ ಎರಡು ಬಳೆಗಳು ಅಡವಿಗೆ ಹೋದವು. ಅತ್ತೆಯವರು ಮಾತ್ರ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಕೇಳಿದರು:

“ಅಲ್ಲಮ್ಮ, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸೋದನ್ನ ಮಕ್ಕಳಿಗೆ ಕಲಿಸೋದಕ್ಕೆ ಒಂದು ವರ್ಷ ಓದಬೇಕೆ? ನಾವೆಲ್ಲ ಅದನ್ನ ಬಚ್ಚಲುಮನೆಯಲ್ಲೇ ಕಲಿತುಬಿಟ್ಟೆವಲ್ಲ!”

ಸೊಸೆಯ ಬಳಿ ಅದಕ್ಕೆ ಉತ್ತರವಿರಲಿಲ್ಲ. “ಏನೋ ಅತ್ತೆ, ಹೋಗಿ ನೋಡ್ತೀನಿ” ಎಂದಷ್ಟೇ ಹೇಳಿ ಆಕೆ ಒಳಗೆ ಹೋದಳು.

ತರಬೇತಿಯ ಮೊದಲ ವಾರಗಳಲ್ಲಿ ಆಕೆಗೂ ಇತರ ವಿದ್ಯಾರ್ಥಿನಿಯರಿಗೂ ಈ ಪದ್ಧತಿ ಹುಟ್ಟಿದ ಕಥೆಯನ್ನು ಹೇಳಿದರು. ಮರಿಯಾ ಮಾಂಟೆಸರಿ 1870ರ ಆಗಸ್ಟ್ 31ರಂದು ಇಟಲಿಯಲ್ಲಿ ಜನಿಸಿದರು. 1896ರಲ್ಲಿ ವೈದ್ಯ ಪದವಿ ಪಡೆದರು. ಮೊದಲು ಅವರ ಗಮನ ಹೋದದ್ದು ಬುದ್ಧಿಮಾಂದ್ಯರೆಂದು ಸಮಾಜ ಮೂಲೆಗೊತ್ತಿದ್ದ ಮಕ್ಕಳ ಕಡೆಗೆ. ಅಂಥ ಮಕ್ಕಳಿಗಾಗಿ ದುಡಿದಿದ್ದ ಇಟಾರ್ ಮತ್ತು ಸೆಗಾಂ ಎಂಬ ಫ್ರೆಂಚ್ ವೈದ್ಯರಿಬ್ಬರ ಗ್ರಂಥಗಳನ್ನು ಅವರು ಮೊದಲಿಂದ ಕೊನೆಯವರೆಗೆ ಇಟಾಲಿಯನ್ ಭಾಷೆಗೆ ತಿರುಗಿಸಿ ತಮ್ಮ ಕೈಯಿಂದಲೇ ಬರೆದುಕೊಂಡರು. ಓದಿದರೆ ಸಾಲದು, ಪ್ರತಿಯೊಂದು ಪದದ ತೂಕವೂ ತಿಳಿಯಬೇಕಾದರೆ ಬರೆಯಲೇಬೇಕು ಎಂಬುದು ಅವರ ನಂಬಿಕೆಯಾಗಿತ್ತು.

1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ತಂದೆತಾಯಿಗಳು ಕೂಲಿಗೆ ಹೋದಾಗ ಗೋಡೆಗಳನ್ನು ಗೀಚಿ ಕೆಡಿಸುತ್ತಿದ್ದ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿಟ್ಟುಕೊಂಡರೆ ಸಾಕೆಂಬುದು ಕಟ್ಟಡದ ಒಡೆಯರ ಲೆಕ್ಕಾಚಾರ. ಅಲ್ಲಿ ಸಹಾಯಕ್ಕೆ ನಿಂತವಳು ಶಿಕ್ಷಕಿಯಲ್ಲ, ಒಬ್ಬ ಸಾಮಾನ್ಯ ಹೆಂಗಸು. ಒಂದು ದಿನ ಪರಿಕರಗಳ ಬೀರುವಿಗೆ ಬೀಗ ಹಾಕುವುದನ್ನು ಮರೆತು, ಮರುದಿನ ಆಕೆ ತಡವಾಗಿ ಬಂದಳು. ಬಂದು ನೋಡಿದರೆ ಮಕ್ಕಳು ಬಾಗಿಲು ತೆರೆದು ತಮಗೆ ಬೇಕಾದುದನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಕಳ್ಳತನವೆಂದು ಆಕೆ ಬೇಸರಪಟ್ಟಳು. ಮಾಂಟೆಸರಿಯವರಿಗೆ ಅದರಲ್ಲಿ ಬೇರೊಂದು ಅರ್ಥ ಹೊಳೆಯಿತು: ಮಕ್ಕಳಿಗೆ ಆರಿಸಿಕೊಳ್ಳುವ ಶಕ್ತಿ ಇದೆ. ಅಂದಿನಿಂದ ಬೀಗದ ಬೀರು ಹೋಗಿ ಮಕ್ಕಳ ಎತ್ತರಕ್ಕೆ ತೆರೆದ ಕಪಾಟುಗಳು ಬಂದವು.

ಮತ್ತೊಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯ ಕುಳಿಗಳಲ್ಲಿ ಉರುಳೆಗಳನ್ನು ಇಡುವುದೂ ತೆಗೆಯುವುದೂ ಮಾಡುತ್ತಿದ್ದಳು. ಮಾಂಟೆಸರಿಯವರು ಅವಳ ಸುತ್ತ ಇತರ ಮಕ್ಕಳಿಂದ ಹಾಡಿಸಿದರು. ಕುರ್ಚಿಸಮೇತ ಅವಳನ್ನೆತ್ತಿ ಮೇಜಿನ ಮೇಲಿಟ್ಟರು. ಹುಡುಗಿ ಉರುಳೆಗಳನ್ನು ಮಡಿಲಿಗೆ ಸೇರಿಸಿಕೊಂಡು ಕೆಲಸ ಮುಂದುವರಿಸಿದಳೇ ಹೊರತು ತಲೆಯೆತ್ತಲಿಲ್ಲ. 40ಕ್ಕೂ ಹೆಚ್ಚು ಸಲ ಅದನ್ನೇ ಮಾಡಿ, ಸುಖನಿದ್ರೆಯಿಂದ ಎದ್ದವಳಂತೆ ನಿಲ್ಲಿಸಿದಳು. ಮೂರು ವರ್ಷದ ಮಗುವಿನ ಮನಸ್ಸು ಒಂದೆಡೆ ನಿಲ್ಲದೆಂಬ ಲೋಕದ ಮಾತು ಅಂದು ಆ ಕೋಣೆಯಲ್ಲಿ ಸುಳ್ಳಾಯಿತು.

ಈ ಪದ್ಧತಿಗೂ ದಕ್ಷಿಣ ಭಾರತಕ್ಕೂ ಇರುವ ನಂಟನ್ನು ಕೇಳಿದಾಗ ಬಸವನಗುಡಿಯ ವಿದ್ಯಾರ್ಥಿನಿಗೆ ಆಶ್ಚರ್ಯವಾಯಿತು. ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಾಂಟೆಸರಿಯವರು 1939ರಲ್ಲಿ ಮಗ ಮಾರಿಯೋನೊಡನೆ ಮದರಾಸಿನ ಅಡ್ಯಾರಿಗೆ ಬಂದಾಗ ಅವರಿಗೆ 69 ವರ್ಷ. ಸುಮಾರು 300 ಮಂದಿ ಆ ಮೊದಲ ತರಬೇತಿಗೆ ಸೇರಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಮಾತನಾಡುವರು. ಮಗ ಅದನ್ನು ಇಂಗ್ಲಿಷಿಗೆ ತಿರುಗಿಸುವರು. ಕೆಲವು ತಿಂಗಳುಗಳಿದ್ದು ಹೋಗುವೆನೆಂದು ಬಂದವರು ಯುದ್ಧದ ಸುಳಿಗೆ ಸಿಕ್ಕಿದರು. 1940ರ ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿದ ಕೂಡಲೇ ಬ್ರಿಟಿಷ್ ಸರ್ಕಾರಕ್ಕೆ ಅವರು ಶತ್ರುದೇಶದ ಪ್ರಜೆಗಳಾದರು. ಮಗನನ್ನು ಸೆರೆಶಿಬಿರಕ್ಕೆ ಒಯ್ದರು. ತಾಯಿ ಅಡ್ಯಾರಿನ ಆವರಣ ದಾಟಲಾಗಲಿಲ್ಲ. ಅವರ 70ನೆಯ ಹುಟ್ಟುಹಬ್ಬದಂದು ಸರ್ಕಾರ ಮಗನ ಬಿಡುಗಡೆಗೆ ಸಮ್ಮತಿಸಿತು. 1946ರವರೆಗೆ ಅವರು ಯೂರೋಪಿಗೆ ಮರಳಲಿಲ್ಲ. ಮರಳಿದವರು 1947ರಲ್ಲಿ ಪುನಃ ಬಂದರು. ಕೊಡೈಕಾನಲ್, ಅಹಮದಾಬಾದ್, ಕರಾಚಿ ಮೊದಲಾದ ಕಡೆಗಳಲ್ಲಿ ಅವರ ಕೈಕೆಳಗೆ ತರಬೇತಾದವರು ಸಾವಿರಕ್ಕೂ ಹೆಚ್ಚು ಮಂದಿ ಎನ್ನುತ್ತಾರೆ. ಮಗುವಿನ ಗ್ರಹಣಶಕ್ತಿಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥವೊಂದು 1949ರಲ್ಲಿ ಮೊದಲು ಅಚ್ಚಾದದ್ದೂ ಅಡ್ಯಾರಿನಲ್ಲಿಯೇ.

ಕಥೆ ಕೇಳುವುದು ಸುಲಭ, ಕೆಲಸ ಕಷ್ಟವಾಗಿತ್ತು. ಪ್ರತಿದಿನ ಶಿಕ್ಷಕಿ ಒಂದೆರಡು ಪರಿಕರಗಳನ್ನು ತೋರಿಸುವರು. ಗುಲಾಬಿ ಬಣ್ಣದ ಹತ್ತು ಘನಗಳು: ಅತ್ಯಂತ ಚಿಕ್ಕದರ ಪಕ್ಕ ಒಂದು ಸೆಂಟಿಮೀಟರ್, ಅತ್ಯಂತ ದೊಡ್ಡದರದು ಹತ್ತು. ದೊಡ್ಡದರ ಒಳಗೆ ಚಿಕ್ಕವು ಸಾವಿರ ಹಿಡಿಸುತ್ತವೆ. ಮಗು ಅವುಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟುತ್ತದೆ. ತಪ್ಪಿದರೆ ಗೋಪುರವೇ ಹೇಳುತ್ತದೆ, ಗುರು ಹೇಳಬೇಕಾಗಿಲ್ಲ. ಉರುಳೆಗಳ ತುದಿಯಲ್ಲಿ ಗುಂಡಿಯಂಥ ಹಿಡಿ. ಅದನ್ನು ಮೂರು ಬೆರಳುಗಳಲ್ಲಿ ಹಿಡಿದೆತ್ತುವ ಮಗುವಿನ ಕೈ ತನಗರಿವಿಲ್ಲದೆ ಲೇಖನಿ ಹಿಡಿಯಲು ಸಿದ್ಧವಾಗುತ್ತಿರುತ್ತದೆ. ಬಣ್ಣದ ಬಿಲ್ಲೆಗಳ ಒಂದು ಪೆಟ್ಟಿಗೆಯಲ್ಲಿ ಒಂಬತ್ತು ಬಣ್ಣಗಳಿಗೆ ಏಳೇಳು ಛಾಯೆಗಳಂತೆ 63 ಬಿಲ್ಲೆಗಳು. ಲೆಕ್ಕಕ್ಕೆ ಬಂದರೆ ಚಿನ್ನದ ಬಣ್ಣದ ಮಣಿಗಳು: ಒಂದು ಬಿಡಿಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ. ನಾಲ್ಕು ವರ್ಷದ ಮಗು ಒಂದು ಅಂಗೈಯಲ್ಲಿ ಒಂದನ್ನೂ ಇನ್ನೊಂದರಲ್ಲಿ ಸಾವಿರವನ್ನೂ ಹಿಡಿದು ತೂಗಿ ನೋಡುತ್ತದೆ. ಬಾಯಿಪಾಠದಿಂದ ಬಂದ ಸಾವಿರಕ್ಕೆ ಆ ಭಾರವೆಲ್ಲಿಯದು?

ಅಕ್ಷರಗಳ ಸರದಿ ಬಂದಾಗ ಕನ್ನಡದ ಹೆಂಗಸರೆಲ್ಲ ನಕ್ಕರು. ಹಲಗೆಯ ಮೇಲೆ ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರ. ಅದನ್ನು ಬರೆಯುವ ಕ್ರಮದಲ್ಲೇ ಎರಡು ಬೆರಳುಗಳಿಂದ ಸವರುತ್ತ ಮಗು ಅದರ ಧ್ವನಿಯನ್ನು ನುಡಿಯಬೇಕು. ನಮ್ಮ ಕೂಲಿಮಠಗಳಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿಸುತ್ತಿದ್ದವರಿಗೆ ಇದು ಹೊಸದೇ? ಭೇದವೊಂದುಂಟು. ಕೂಲಿಮಠದಲ್ಲಿ ಬೆರಳನ್ನು ಹಿಡಿದು ತಿದ್ದಿಸುವ ಕೈ ಅಯ್ಯನವರದು, ಬೆತ್ತವೂ ಅವರದೇ. ಇಲ್ಲಿ ದಾರಿ ತೋರಿಸುವುದು ಮರಳುಕಾಗದದ ಒರಟುತನ. ಮತ್ತೊಂದು ಅನುಕೂಲವೂ ಕನ್ನಡಕ್ಕಿದೆ. ಇಟಾಲಿಯನ್ ಭಾಷೆಯಂತೆ ಕನ್ನಡದಲ್ಲಿಯೂ ಬರೆದಂತೆ ಓದು, ಓದಿದಂತೆ ಬರಹ. ಇಂಗ್ಲಿಷಿನ ಕಾಗುಣಿತದ ಕಾಟವಿಲ್ಲ. ಆದರೆ ಗುಣಿತಾಕ್ಷರ, ಒತ್ತಕ್ಷರಗಳನ್ನು ಯಾವಾಗ, ಹೇಗೆ ತರಬೇಕೆಂಬುದನ್ನು ಕನ್ನಡದ ಶಿಕ್ಷಕಿ ತಾನೇ ಕುಳಿತು ಯೋಚಿಸಬೇಕು. ರೋಮಿನಿಂದ ಬಂದ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ.

ಪ್ರತಿಯೊಂದು ಪಾಠವನ್ನೂ ವಿದ್ಯಾರ್ಥಿನಿಯರು ಮನೆಯಲ್ಲಿ ಬರೆದು ತರಬೇಕಾಗಿತ್ತು. ಪರಿಕರ ಯಾವುದು, ಉದ್ದೇಶವೇನು, ಎಷ್ಟು ವಯಸ್ಸಿನ ಮಗುವಿಗೆ, ಯಾವ ಕೈಯಿಂದ ಹೇಗೆ ತೋರಿಸುವುದು, ತಪ್ಪು ಮಗುವಿಗೆ ತಾನಾಗಿ ಗೊತ್ತಾಗುವುದು ಹೇಗೆ ಎಂಬುದೆಲ್ಲವನ್ನೂ ಚಿತ್ರಸಮೇತ ಬರೆಯಬೇಕು. ಸಿದ್ಧಾಂತ, ನಿತ್ಯಜೀವನದ ಕೆಲಸಗಳು, ಇಂದ್ರಿಯಶಿಕ್ಷಣ, ಭಾಷೆ, ಗಣಿತ ಎಂದು ಐದು ದಪ್ಪ ಆಲ್ಬಂಗಳು. ಅಡಿಗೆಮನೆಯ ಕೆಲಸ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಆಕೆ ಬರೆಯಲು ಕೂಡುವಳು. ಅಂಗಡಿಯಲ್ಲಿ ಅಚ್ಚಾದ ಪುಸ್ತಕ ಸಿಗುವಾಗ ಇದನ್ನೆಲ್ಲ ಕೈಯಿಂದ ಬರೆಯುವ ಶಿಕ್ಷೆ ಏಕೆಂದು ಪತಿಗೆ ಅನುಕಂಪ. ಬರೆಯುತ್ತ ಬರೆಯುತ್ತ ಆಕೆಗೆ ಕಾರಣ ತಿಳಿಯಿತು. ‘ಹೂಜಿಯನ್ನು ಎತ್ತಿ ನೀರು ಸುರಿಯುವುದು’ ಎಂದು ಒಂದೇ ಸಾಲಿನಲ್ಲಿ ಬರೆದ ಪುಟವನ್ನು ಶಿಕ್ಷಕಿ ಹಿಂದಿರುಗಿಸಿದ್ದರು. ಎರಡನೆಯ ಸಲ ಬರೆದಾಗ ಅದು ಹನ್ನೊಂದು ಹಂತಗಳಾಯಿತು: ಹಿಡಿಯನ್ನು ಹಿಡಿಯುವುದು, ಇನ್ನೊಂದು ಕೈಯನ್ನು ಕೊಕ್ಕಿನ ಕೆಳಗೆ ಕೊಡುವುದು, ಕೊಕ್ಕನ್ನು ಲೋಟದ ನಡುವಿಗೆ ತರುವುದು, ಕೊನೆಯ ಹನಿ ಬೀಳುವವರೆಗೆ ಕಾಯುವುದು... ತಾನು ಮೂವತ್ತು ವರ್ಷಗಳಿಂದ ನೀರು ಬಗ್ಗಿಸುತ್ತಿದ್ದರೂ ಬಗ್ಗಿಸುವುದನ್ನು ಒಮ್ಮೆಯೂ ನೋಡಿರಲಿಲ್ಲ ಎಂದು ಆಕೆಗೆ ಆಗ ಅನ್ನಿಸಿತು.

ಇವೆಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವ ಪಾಠ. ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳು ಒಟ್ಟಿಗೇ ಇರುವ ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ. ವಿದ್ಯಾರ್ಥಿನಿ ಅಲ್ಲಿ ಕುಳಿತು ನೋಡಬೇಕು, ಬರೆಯಬೇಕು, ಮಾತನಾಡಬಾರದು, ಕರೆಯಬಾರದು. ಕಂಡದ್ದನ್ನು ಬರೆಯಬೇಕೇ ವಿನಾ ತನ್ನ ಅಭಿಪ್ರಾಯವನ್ನಲ್ಲ. ‘ಈ ಮಗು ಬಹಳ ಹಠಮಾರಿ’ ಎಂದು ಆಕೆ ಬರೆದ ವಾಕ್ಯದ ಕೆಳಗೆ ಕೆಂಪು ಗೆರೆ ಬಿತ್ತು. ‘ಮಗು ಚಾಪೆಯನ್ನು ಮೂರು ಸಲ ಬಿಡಿಸಿ ಮೂರು ಸಲ ಸುತ್ತಿತು, ನಾಲ್ಕನೆಯ ಸಲ ಗೆಳತಿ ನೆರವಿಗೆ ಬಂದಾಗ ಅವಳ ಕೈಯನ್ನು ಸರಿಸಿತು’ ಎಂದು ತಿದ್ದಿ ಬರೆದ ಮೇಲೆ ಹಠವೆಂಬುದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹೀಗೆ ಕುಳಿತಿದ್ದಾಗ ಒಂದು ದಿನ ಮೂರು ವರ್ಷದ ಹುಡುಗನೊಬ್ಬ ಗಾಜಿನ ಹೂಜಿಯಿಂದ ನೀರು ಸುರಿಯುತ್ತ ಮೇಜೆಲ್ಲ ಒದ್ದೆ ಮಾಡಿದ. ಆಕೆ ತಿಳಿಯದೆ ಅರ್ಧ ಎದ್ದೇಬಿಟ್ಟಳು. ಕೋಣೆಯ ಆಚೆ ಬದಿಯಿಂದ ಶಿಕ್ಷಕಿ ನೋಡಿದರು, ಅಷ್ಟೆ. ಆಕೆ ಮತ್ತೆ ಕುಳಿತಳು. ಹುಡುಗ ಕೆಲವು ಕ್ಷಣ ನೀರನ್ನೇ ನೋಡುತ್ತಿದ್ದ. ಬಳಿಕ ಹೋಗಿ ಬಟ್ಟೆ ತಂದ, ಒರೆಸಿದ, ಬಟ್ಟೆಯನ್ನು ಹಿಂಡಿ ಹರವಿ ಬಂದ. ಮತ್ತೆ ಹೂಜಿ ತುಂಬಿದ. ಇದಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಿತು. ಆಕೆಯಾಗಿದ್ದರೆ ಅರ್ಧ ನಿಮಿಷದಲ್ಲಿ ಒರೆಸಿಬಿಡುತ್ತಿದ್ದಳು. ಆ ಅರ್ಧ ನಿಮಿಷದ ಜಾಣತನದಿಂದ ಹುಡುಗನ ಇಪ್ಪತ್ತು ನಿಮಿಷದ ವಿದ್ಯೆ ಕೊಚ್ಚಿಹೋಗುತ್ತಿತ್ತು.

ಅಂದು ಸಂಜೆ ಪಾಠಾನಂತರ ಶಿಕ್ಷಕಿ ಹೇಳಿದರು: “ನೋಡಿ, ಸುಮ್ಮನಿರುವುದೆಂದರೆ ಉದಾಸೀನವಲ್ಲ. ಒಂದು ಮಗು ಇನ್ನೊಂದನ್ನು ನೋಯಿಸಿದರೆ, ಪರಿಕರವನ್ನು ಎಸೆದರೆ, ನೀವು ಆ ಕ್ಷಣವೇ ಅಲ್ಲಿರಬೇಕು. ಯಾವಾಗ ಕೈ ಹಾಕಬೇಕು, ಯಾವಾಗ ತಡೆಯಬೇಕು ಎನ್ನುವುದನ್ನು ಕಲಿಯಲಿಕ್ಕೇ ಈ ಒಂದು ವರ್ಷ.”

ಈ ವಿದ್ಯೆ ತರಗತಿಯಲ್ಲಿ ನಿಲ್ಲದೆ ಮನೆಗೂ ಬಂದಿತು. ಎಂಟು ವರ್ಷದ ಮಗನ ಅಂಗಿಯ ಗುಂಡಿಗಳನ್ನು ಪ್ರತಿದಿನ ಬೆಳಿಗ್ಗೆ ತಾನೇ ಹಾಕುತ್ತಿರುವುದು ಆಕೆಯ ಕಣ್ಣಿಗೆ ಬಿದ್ದದ್ದು ಆಗ. ಮರುದಿನ ಆಕೆ ಹಾಕಲಿಲ್ಲ. ಹುಡುಗ ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಸೇರಿಸಿ ಓರೆಯಾಗಿ ನಿಂತ. ಶಾಲೆಯ ಬಸ್ಸು ಹೋಯಿತು. ಅವನನ್ನು ಬಿಟ್ಟುಬಂದ ಪತಿ ಬ್ಯಾಂಕಿಗೆ ತಡವಾಗಿ ತಲುಪಿದರು. ರಾತ್ರಿ ನಾಲ್ಕು ವರ್ಷದ ಮಗಳು ತಟ್ಟೆಯ ಮುಂದೆ ಕುಳಿತಾಗ ಅಜ್ಜಿ ಎಂದಿನಂತೆ ತುತ್ತು ಕಲಸಿದರು. “ಅತ್ತೆ, ಅವಳೇ ತಿನ್ನಲಿ ಬಿಡಿ” ಎಂದಳು ಸೊಸೆ. ಅಜ್ಜಿಯ ಕೈ ಅಲ್ಲಿಯೇ ನಿಂತಿತು.

“ತುತ್ತು ಹಾಕಬಾರದು ಅಂತಲೂ ಬರೆದಿದೆಯೇನಮ್ಮ ನಿಮ್ಮ ಪುಸ್ತಕದಲ್ಲಿ?” ಎಂದು ಅವರು ಕೇಳಿದ್ದು ಮೆಲ್ಲನೆ. ಅದರಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು.

ಇದು ಸಾಮಾನ್ಯ ಪ್ರಶ್ನೆಯಲ್ಲ. ಕೈತುತ್ತು ನಮ್ಮ ಮನೆಗಳಲ್ಲಿ ಅನ್ನವಷ್ಟೇ ಅಲ್ಲ. ಅದು ಅಕ್ಕರೆ, ಅದು ಕಥೆ, ಅದು ಬೆಳದಿಂಗಳ ಅಂಗಳ. ಮಗುವಿಗೆ ಸ್ವಾತಂತ್ರ್ಯ ಕೊಡುವ ಭರದಲ್ಲಿ ಅಜ್ಜಿಯ ಕೈಯಿಂದ ಅದನ್ನು ಕಸಿದುಕೊಳ್ಳಬಹುದೆ? ಹಲವು ದಿನ ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತು ಕಡಿಮೆಯಾಯಿತು. ಶಿಕ್ಷಕಿಯನ್ನು ಕೇಳಿದಾಗ ಅವರು ನಿಯಮವೊಂದನ್ನು ಹೇಳಿ ಕಳಿಸಲಿಲ್ಲ. “ನಿಮ್ಮ ಅತ್ತೆಯವರು ಮಗುವಿನೊಡನೆ ಇರುವಾಗ ಒಂದು ವಾರ ಸುಮ್ಮನೆ ನೋಡಿ” ಎಂದರು.

ಆಕೆ ನೋಡಿದಳು. ನಾಲ್ಕನೆಯ ದಿನ ಸಂಜೆ ಅತ್ತೆಯವರು ನಡುಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. ಅಜ್ಜಿ ಏನೂ ಹೇಳಲಿಲ್ಲ. ಕಟ್ಟುವ ವೇಗವನ್ನು ಮಾತ್ರ ತಗ್ಗಿಸಿದರು. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ. ನಾರನ್ನು ಸುತ್ತಿ, ಬೆರಳಿನಲ್ಲಿ ಕುಣಿಕೆ ಮಾಡಿ, ತೊಟ್ಟುಗಳ ಮೇಲೆ ಇಳಿಸಿ, ಮೆಲ್ಲಗೆ ಎಳೆದರು. ಮತ್ತೆ ಹಾಗೆಯೇ. ಮೂರು ಸಲ ಆದ ಮೇಲೆ ನಾರಿನ ತುಂಡೊಂದನ್ನು ಮಗುವಿನ ಮಡಿಲಿಗೆ ಹಾಕಿದರು. ಮಗು ಕಟ್ಟಿದ ಮೊದಲ ಹೂಗಳೆಲ್ಲ ಉದುರಿದವು. ಅಜ್ಜಿ ಕಂಡೂ ಕಾಣದವರಂತೆ ತಮ್ಮ ಮಾಲೆಯನ್ನು ಮುಂದುವರಿಸಿದರು.

ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಮೈ ಜುಮ್ಮೆಂದಿತು. ಮಾತಿಲ್ಲದೆ ತೋರಿಸುವುದು, ಚಲನೆಯನ್ನು ನಿಧಾನಗೊಳಿಸುವುದು, ಮಗುವಿನ ಕೈಗೆ ಕೆಲಸ ಕೊಟ್ಟು ಹಿಂದೆ ಸರಿಯುವುದು, ತಪ್ಪನ್ನು ಹೂವೇ ಹೇಳಲೆಂದು ಬಿಡುವುದು: ಐದು ಆಲ್ಬಂಗಳಲ್ಲಿ ಆಕೆ ರಾತ್ರಿಯೆಲ್ಲ ಬರೆಯುತ್ತಿದ್ದುದು ಇದನ್ನೇ ಅಲ್ಲವೆ?

“ಅತ್ತೆ, ಇನ್ನೊಂದು ಸಲ ಕಟ್ಟಿ ತೋರಿಸಿ. ನಾನು ಬರೆದುಕೋತೀನಿ” ಎಂದು ಆಕೆ ಪುಸ್ತಕ ತಂದು ಎದುರಿಗೆ ಕುಳಿತಳು. ಅತ್ತೆಯವರು ಮೊದಲು ನಕ್ಕರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಗೆ ಕುಳಿತವರಂತೆ ಗಂಭೀರವಾಗಿ ಕಟ್ಟಿ ತೋರಿಸಿದರು. ನಿತ್ಯಜೀವನದ ಕೆಲಸಗಳ ಆಲ್ಬಂನಲ್ಲಿ ‘ಹೂ ಕಟ್ಟುವುದು’ ಎಂಬ ನಾಲ್ಕು ಪುಟಗಳು ಹೀಗೆ ಸೇರಿದವು. ಕೈತುತ್ತಿನ ವಿಷಯದಲ್ಲಿಯೂ ಒಪ್ಪಂದವಾಯಿತು. ಹೊಟ್ಟೆ ತುಂಬುವಷ್ಟನ್ನು ಮಗಳು ತಾನೇ ತಿನ್ನುವುದು. ಕೊನೆಯ ಮೂರು ತುತ್ತು ಅಜ್ಜಿಯದು.

ವರ್ಷದ ಕೊನೆಗೆ ಪರೀಕ್ಷೆ ಬಂದಿತು. ಮೌಖಿಕ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು. ಬಂದ ಪರಿಕರವನ್ನು ಹೊರಗಿನ ಪರೀಕ್ಷಕರೆದುರು ತೋರಿಸಬೇಕು. ಆಕೆಗೆ ಬಂದದ್ದು ಎಂಟು ಮರದ ತುಂಡುಗಳಿಂದ ಜೋಡಿಸುವ ಬಣ್ಣದ ಘನ. ಪ್ರೌಢಶಾಲೆಯಲ್ಲಿ ಮುಂದೆ ಬೀಜಗಣಿತದ ಸೂತ್ರವಾಗಿ ಕಾಣಿಸಿಕೊಳ್ಳುವುದನ್ನು ನಾಲ್ಕು ವರ್ಷದ ಮಗು ಇದರಲ್ಲಿ ಆಟಿಕೆಯೆಂದು ಜೋಡಿಸುತ್ತದೆ.

“ಮಗು ತಪ್ಪಾಗಿ ಜೋಡಿಸಿದರೆ ಏನು ಮಾಡುವಿರಿ?” ಎಂದು ಪರೀಕ್ಷಕರು ಕೇಳಿದರು.

“ಕಾಯುತ್ತೇನೆ.”

“ಪೆಟ್ಟಿಗೆಯ ಮುಚ್ಚಳ ಹಾಕಲಾಗದೆ ಬಿಟ್ಟು ಹೋದರೆ?”

“ಇನ್ನೊಂದು ದಿನ ಮೊದಲಿನಿಂದ ತೋರಿಸುತ್ತೇನೆ. ನಿನ್ನೆ ತಪ್ಪಾಯಿತೆಂದು ಹೇಳುವುದಿಲ್ಲ.”

ಪರೀಕ್ಷಕರು ಬೇರೇನನ್ನೂ ಕೇಳದೆ ಬರೆದುಕೊಂಡರು. ಕೆಲವು ವಾರಗಳ ಬಳಿಕ ಪ್ರಮಾಣಪತ್ರ ಬಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಿಜವಾದ ಪರೀಕ್ಷೆ ಎದುರಾದದ್ದು ಇದರ ಮೇಲೆ. ಎರಡು ಕಡೆಗಳಿಂದ ಕೆಲಸಕ್ಕೆ ಕರೆ ಬಂದಿತ್ತು. ಮೊದಲನೆಯದು ದೊಡ್ಡ ಕಟ್ಟಡದ ಶಾಲೆ. ಬಾಗಿಲ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ‘ಮಾಂಟೆಸರಿ’ ಎಂದು ಬರೆದಿತ್ತು. ಒಳಗೆ ನಲವತ್ತು ಮಕ್ಕಳು ಸಾಲುಬೆಂಚಿನ ಮೇಲೆ ಕುಳಿತು ಹಲಗೆಯಲ್ಲಿದ್ದುದನ್ನು ಗೆರೆಪುಸ್ತಕಕ್ಕೆ ಇಳಿಸುತ್ತಿದ್ದರು. ಗುಲಾಬಿ ಗೋಪುರ ಗಾಜಿನ ಬೀರುವಿನಲ್ಲಿತ್ತು, ಬೀರುವಿಗೆ ಬೀಗವಿತ್ತು. ಎರಡನೆಯದು ಹಳೆಯ ಮನೆಯೊಂದರ ಎರಡು ಕೋಣೆಗಳು. ಇಪ್ಪತ್ತೆರಡು ಮಕ್ಕಳು, ತೆರೆದ ಕಪಾಟುಗಳು. ಸಂಬಳ ಮೊದಲನೆಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಡವಿಟ್ಟ ಬಳೆಗಳು ಇನ್ನೂ ಬಿಡಿಸಿರಲಿಲ್ಲ.

ಮಾಂಟೆಸರಿ ಎಂಬ ಹೆಸರಿಗೆ ಒಡೆಯರಿಲ್ಲ. ಅದು ಯಾವ ಒಂದು ಸಂಸ್ಥೆಯ ಸೊತ್ತೂ ಅಲ್ಲ, ಎಲ್ಲರೂ ಬಳಸಬಹುದಾದ ಸಾಮಾನ್ಯ ಪದ ಎಂದು 1967ರಲ್ಲಿಯೇ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ತೀರ್ಮಾನಿಸಿತು. ನಮ್ಮ ಊರುಗಳಲ್ಲಿಯೂ ಬೀದಿಗೊಂದರಂತೆ ಆ ಹಲಗೆ ತೂಗುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಹಲಗೆ ಬರೆಸಲು ಒಂದು ದಿನ ಸಾಕು. ಅದರ ಹಿಂದೆ ನಿಲ್ಲುವ ಹೆಂಗಸನ್ನು ಸಿದ್ಧಪಡಿಸಲು ಒಂದು ವರ್ಷ ಬೇಕು. ಆಡಳಿತದವರನ್ನಷ್ಟೇ ದೂರಿದರೆ ಪ್ರಯೋಜನವಿಲ್ಲ. ಮೂರು ತಿಂಗಳಾದರೂ ಮಗು ಪುಸ್ತಕದಲ್ಲಿ ಏನನ್ನೂ ಬರೆದು ತಂದಿಲ್ಲವೆಂದು ಮೊದಲು ದೂರು ಒಯ್ಯುವವರು ತಂದೆತಾಯಿಗಳೇ. ಮಗು ಮನೆಯಲ್ಲಿ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟರೆ ಅದು ಅವರ ಲೆಕ್ಕಕ್ಕೆ ಸೇರುವುದಿಲ್ಲ. ಬಡವರ ಕೇರಿಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ಹುಟ್ಟಿದ ವಿದ್ಯೆ ಉಳ್ಳವರ ಬಡಾವಣೆಗಳಲ್ಲಿ ಹೆಸರು ಮಾತ್ರವಾಗಿ ಉಳಿಯುವುದಾದರೆ ಅದಕ್ಕಿಂತ ವಿಷಾದದ ಮಾತು ಇನ್ನೇನಿದೆ?

ಮಗುವನ್ನು ಸೇರಿಸಲು ಹೋಗುವ ತಂದೆತಾಯಿಗಳು ಹಲಗೆಯನ್ನು ನೋಡಿ ಮರಳದೆ ಒಳಗೆ ಅರ್ಧಗಂಟೆ ಕುಳಿತು ಬರಲಿ. ಕಪಾಟು ಮಕ್ಕಳ ಕೈಗೆ ಎಟುಕುವಂತಿದೆಯೆ? ಚಿಕ್ಕವರೂ ದೊಡ್ಡವರೂ ಒಂದೇ ಕೋಣೆಯಲ್ಲಿದ್ದಾರೆಯೆ? ಪ್ರತಿಯೊಂದು ಪರಿಕರವೂ ಒಂದೊಂದೇ ಇದ್ದು, ಬೇಕಾದ ಮಗು ತನ್ನ ಸರದಿಗಾಗಿ ಕಾಯುತ್ತಿದೆಯೆ? ಕೆಲಸದಲ್ಲಿ ಮುಳುಗಿದ ಮಗುವನ್ನು ಶಿಕ್ಷಕಿ ಹೊಗಳಿಯಾದರೂ ಕದಲಿಸುತ್ತಾಳೆಯೆ, ಸುಮ್ಮನೆ ಹಾದುಹೋಗುತ್ತಾಳೆಯೆ? ಶಿಕ್ಷಕಿ ಎಲ್ಲಿದ್ದಾಳೆಂದು ಕೂಡಲೇ ಕಾಣದಿದ್ದರೆ ಅದು ಒಳ್ಳೆಯ ಸೂಚನೆ. ಆಕೆ ಯಾವುದೋ ಒಂದು ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿರುತ್ತಾಳೆ.

ಬಸವನಗುಡಿಯ ಮನೆಯಲ್ಲಿ ಎರಡು ದಿನ ಲೆಕ್ಕಾಚಾರ ನಡೆಯಿತು. ಪತಿ ಕಾಗದದ ಮೇಲೆ ಎರಡೂ ಸಂಬಳಗಳನ್ನು ಬರೆದು ಕೂಡಿ ಕಳೆದರು. ಅತ್ತೆಯವರು ಅದನ್ನೆಲ್ಲ ಕೇಳಿ, “ಬೀಗ ಹಾಕಿದ ಬೀರುವಿನ ಮುಂದೆ ನಿಂತು ಇವಳೇನು ಮಾಡ್ತಾಳೆ? ಬಳೆ ಇವತ್ತಲ್ಲ ನಾಳೆ ಬಿಡಿಸಿಕೊಂಡರಾಯಿತು” ಎಂದುಬಿಟ್ಟರು. ಬಳೆಗಳು ಮರಳಲು ಎರಡು ವರ್ಷ ಹಿಡಿಯಿತು.

ಜೂನ್ ತಿಂಗಳಲ್ಲಿ ಆಕೆ ಆ ಎರಡು ಕೋಣೆಗಳ ಶಾಲೆಗೆ ಸೇರಿದಳು. ಮೊದಲ ದಿನ ಹೊಸದಾಗಿ ಬಂದ ಏಳು ಮಕ್ಕಳಲ್ಲಿ ಐವರು ಅಳುತ್ತಿದ್ದರು. ಒಬ್ಬ ಹುಡುಗನಂತೂ ಬಾಗಿಲಿಗೆ ಬೆನ್ನು ಹಚ್ಚಿ, ಕಣ್ಣೀರು ಸಿಂಬಳ ಒಂದಾಗಿ, ಯಾರು ಹತ್ತಿರ ಹೋದರೂ ಕಿರುಚುತ್ತಿದ್ದ. ಎತ್ತಿ ಮುದ್ದಿಸಬೇಕೆಂದು ಆಕೆಯ ಎರಡು ಕೈಗಳೂ ತುಡಿದವು. ಆಕೆ ಸ್ವಲ್ಪ ದೂರದಲ್ಲಿ ಚಾಪೆ ಹಾಸಿ, ಮುಂದೊಂದು ಬುಟ್ಟಿ ಕಡಲೆಕಾಯಿ ಇಟ್ಟುಕೊಂಡು, ಒಂದೊಂದನ್ನೇ ಮೆಲ್ಲಗೆ ಸುಲಿಯತೊಡಗಿದಳು. ಬೀಜ ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಅಳುವಿನ ನಡುನಡುವೆ ಬಿಡುವು ಬರತೊಡಗಿತು. ಕೊನೆಗೆ ಪುಟ್ಟ ಹೆಜ್ಜೆಗಳ ಸದ್ದು ಚಾಪೆಯ ಅಂಚಿಗೆ ಬಂದು ನಿಂತಿತು. ಆಕೆ ತಲೆಯೆತ್ತಲಿಲ್ಲ, ಕರೆಯಲಿಲ್ಲ. ಬುಟ್ಟಿಯನ್ನು ಒಂದು ಗೇಣು ಆ ಕಡೆಗೆ ಸರಿಸಿ, ಮುಂದಿನ ಕಾಯಿಯನ್ನು ಕೈಗೆತ್ತಿಕೊಂಡಳು.